ಹಿಮ ಕರಗುವ ಮೊದಲೇ ಹೊರಟರೆ ದಿನಕ್ಕೆ ಎಷ್ಟು ದೂರ ನಡೆಯಬಹುದು?

ಚಾರಣದ ಕಾಲ ಸರಿಯಾಗಿ ಶುರುವಾಗುವ ಕೆಲವು ವಾರಗಳ ಮೊದಲೇ, ದಾರಿಯ ಮೇಲೆ ಇನ್ನೂ ಹಿಮ ಇರುವಾಗ, 3,400 ಮೀಟರ್ ಎತ್ತರದ ಪಾಸ್ (ಬೆಟ್ಟಸಾಲನ್ನು ದಾಟುವ ತಗ್ಗಿನ ಜಾಗ) ದಾಟುವ 85 ಕಿಲೋಮೀಟರ್ ದಾರಿಯನ್ನು ಐದು ದಿನಗಳಲ್ಲಿ ಮುಗಿಸಬೇಕೆಂದಿದ್ದೀರಿ. ದಿನಕ್ಕೆ 17 ಕಿಲೋಮೀಟರ್ ಎಂಬ ಲೆಕ್ಕ ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ ಎಂದೇ ಹೇಳಬೇಕಾಗಿದೆ. ಹೆಚ್ಚುಕಡಿಮೆ ಇದೇ ಲೆಕ್ಕವನ್ನು ನಂಬಿ, ಇಂಥದೇ ಹೊತ್ತಿನಲ್ಲಿ, ನಾನೂ ನನ್ನ ಗೆಳೆಯನೂ ಒಮ್ಮೆ ಹೊರಟಿದ್ದೆವು. ನಾಲ್ಕನೆಯ ಬೆಳಿಗ್ಗೆ ಪಾಸ್‌ನ ಬುಡದಿಂದಲೇ ಹಿಂದಿರುಗಿದೆವು.

ನಮ್ಮ ಲೆಕ್ಕ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಬೆಟ್ಟ ಹತ್ತುವವರು ಇಂದಿಗೂ ಬಳಸುತ್ತಾರೆ: ಸುಮಾರು ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೊದಲ ದಿನದ 17 ಕಿಲೋಮೀಟರ್ ದೂರಕ್ಕೂ 800 ಮೀಟರ್ ಏರಿಗೂ ಈ ಸೂತ್ರದ ಪ್ರಕಾರ ಐದು ಗಂಟೆಯೂ ಬೇಕಾಗಿರಲಿಲ್ಲ. ನಾವು ಹತ್ತು ಗಂಟೆ ನಡೆದು ಒಂಬತ್ತು ಕಿಲೋಮೀಟರ್ ಮುಗಿಸಿದೆವು. ತಪ್ಪು ಸೂತ್ರದ್ದಲ್ಲ, ಅದು ಕಾಲಿನ ಕೆಳಗೆ ಗಟ್ಟಿ ನೆಲವಿದೆ, ಕಣ್ಣೆದುರು ದಾರಿಯಿದೆ ಎಂದು ಭಾವಿಸಿಕೊಂಡು ಮಾಡಿದ ಲೆಕ್ಕ.

ಋತುವಿನ ಆರಂಭದ ಹಿಮವು ದಿನದ ಒಂದೊಂದು ಹೊತ್ತಿಗೆ ಒಂದೊಂದು ಬಗೆಯ ನೆಲವಾಗಿರುತ್ತದೆ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರವು ಬೆಳಗಿನ ಜಾವದಲ್ಲಿ ಬೆನ್ನಿನ ಹೊರೆಯ ಸಮೇತ ನಿಮ್ಮನ್ನು ಹೊರುತ್ತದೆ; ಬಿಸಿಲೇರಿದ ಮೇಲೆ ಅದೇ ಪದರ ಹೆಜ್ಜೆ ಹೆಜ್ಜೆಗೂ ಕುಸಿದು, ಕಾಲು ಮೊಣಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ ಹೂತುಹೋಗುತ್ತದೆ. ಹೂತ ಕಾಲನ್ನು ಕೀಳಲು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿದರೆ ಅದೂ ಇಳಿಯುತ್ತದೆ. ಬಂಡೆಗಳ ಸುತ್ತಲೂ ಮರಗಳ ಬುಡದಲ್ಲೂ ಹಿಮ ಒಳಗಿನಿಂದ ಟೊಳ್ಳಾಗಿರುವುದರಿಂದ ಅಲ್ಲಿ ಅಪಾಯ ಹೆಚ್ಚು; ನನ್ನ ಗೆಳೆಯನ ಮೊಣಕಾಲಿನ ಚರ್ಮ ಕಿತ್ತುಬಂದದ್ದು ಅಂಥ ಒಂದು ಬಂಡೆಯ ಮಗ್ಗುಲಲ್ಲಿ. ದಾರಿಯಂತೂ ಕಾಣುವುದೇ ಇಲ್ಲ. ಯಾರದೋ ಹೆಜ್ಜೆಗುರುತುಗಳು ಸಿಕ್ಕಾಗ ನಾವು ಹಿಗ್ಗಿ ಹಿಂಬಾಲಿಸಿದೆವು. ಮುಕ್ಕಾಲು ಗಂಟೆಯ ನಂತರ ಅವು ಒಂದು ಕಡಿದಾದ ಅಂಚಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದಿದ್ದವು. ನಮ್ಮಷ್ಟೇ ದಾರಿ ತಪ್ಪಿದವನೊಬ್ಬ ನಮಗೆ ಮಾರ್ಗದರ್ಶಕನಾಗಿದ್ದ.

ಆದ್ದರಿಂದ ನಿಮ್ಮ ಯೋಜನೆಯನ್ನು ಕಿಲೋಮೀಟರ್‌ಗಳಿಂದ ಗಂಟೆಗಳಿಗೆ ಬದಲಾಯಿಸಿಕೊಳ್ಳಿ. ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ ಹಣೆಗೆ ದೀಪ ಕಟ್ಟಿಕೊಂಡು ಹೊರಟು, ಹನ್ನೊಂದರ ಹೊತ್ತಿಗೆ ಡೇರೆ ಹಾಕುವುದೆಂದರೆ ಕೈಗೆ ಸಿಗುವುದು ಏಳು ಗಂಟೆ. ಹಿಮದ ಮೇಲೆ ಗಂಟೆಗೆ ಒಂದೂವರೆ ಕಿಲೋಮೀಟರ್ ಎಂದು ಹಿಡಿದರೂ ದಿನಕ್ಕೆ ಹತ್ತರ ಆಸುಪಾಸಿನಲ್ಲೇ ನಿಲ್ಲುತ್ತೀರಿ. ನಿಮ್ಮ 85 ಕಿಲೋಮೀಟರ್‌ಗಳಲ್ಲಿ ಎಷ್ಟು ಭಾಗ ಹಿಮದ ಕೆಳಗಿದೆ ಎಂಬುದನ್ನು ಇತ್ತೀಚಿನ ಉಪಗ್ರಹ ಚಿತ್ರಗಳಲ್ಲಿ ನೋಡಿ, ಆ ಭಾಗಕ್ಕೆ ಮಾತ್ರ ಈ ವೇಗವನ್ನು ಹಚ್ಚಿ ಲೆಕ್ಕ ಹಾಕಿ.

ತೊರೆಗಳಿಗೂ ಇದೇ ಗಡಿಯಾರ. ಹಗಲಿನಲ್ಲಿ ಕರಗಿದ ನೀರು ಕೆಳಗೆ ಬಂದು ಸೇರಲು ಹೊತ್ತು ಹಿಡಿಯುವುದರಿಂದ, ಹರಿವು ಇಳಿಹೊತ್ತಿನಿಂದ ಸಂಜೆಯವರೆಗೆ ಅತಿ ಜೋರಾಗಿದ್ದು, ಬೆಳಗಿನ ಜಾವದಲ್ಲಿ ಅತಿ ಕಡಿಮೆಯಾಗಿರುತ್ತದೆ. ಎರಡನೆಯ ದಿನ ಸಂಜೆ ಐದಕ್ಕೆ ನಾವು ತಲುಪಿದ ತೊರೆಯಲ್ಲಿ ನೀರು ಸೊಂಟದ ಮಟ್ಟದಲ್ಲಿತ್ತು, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಆಚೆ ದಂಡೆಯಲ್ಲಿ ಚೆಂದದ ಸಮತಟ್ಟು ಜಾಗ ಕಾಣುತ್ತಿದ್ದರೂ ಈಚೆಯೇ ಓರೆಯಾಗಿ ಮಲಗಿ, ಬೆಳಿಗ್ಗೆ ನಾಲ್ಕೂವರೆಗೆ ಅದೇ ಜಾಗದಲ್ಲಿ ಮೊಣಕಾಲುದ್ದ ನೀರಿನಲ್ಲಿ ದಾಟಿದೆವು. ಬೂಟುಗಳನ್ನು ಬಿಚ್ಚದೆ, ಬೆನ್ನುಚೀಲದ ಸೊಂಟಪಟ್ಟಿಯನ್ನು ಮಾತ್ರ ಬಿಚ್ಚಿಕೊಂಡು ದಾಟಿ. ಬಿದ್ದರೆ ಚೀಲವನ್ನು ಕಳಚಿ ಎಸೆಯಲು ಸಾಧ್ಯವಿರಬೇಕು. ತೊರೆಯ ಮೇಲೆ ಹಿಮದ ಸೇತುವೆ ಕಂಡರೆ, ಮಧ್ಯಾಹ್ನದ ನಂತರ ಅದನ್ನು ಸೇತುವೆ ಎಂದು ಎಣಿಸಲೇಬೇಡಿ.

ಇನ್ನು ನಾವು ಹಿಂದಿರುಗಿದ ಕಾರಣ. ಮೂರನೆಯ ರಾತ್ರಿ ಮೋಡ ಕವಿದಿತ್ತು. ಚಳಿ ಕಡಿಮೆಯಾಯಿತೆಂದು ನಾವಿಬ್ಬರೂ ಸಂತೋಷಪಟ್ಟು ಮಲಗಿದೆವು. ಆ ಸಂತೋಷವೇ ನಮ್ಮ ಅಜ್ಞಾನಕ್ಕೆ ಸಾಕ್ಷಿ. ಆಕಾಶ ತೆರವಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು, ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟಬಲ್ಲದು. ಮೋಡದ ಹೊದಿಕೆಯಿದ್ದರೆ ಆ ಶಾಖ ಅಲ್ಲೇ ಉಳಿಯುತ್ತದೆ. ನಾಲ್ಕಕ್ಕೆ ಹೊರಬಂದು ಕಾಲಿಟ್ಟರೆ ಹಿಮ ನಿನ್ನೆಯ ಮಧ್ಯಾಹ್ನದಂತೆಯೇ ಮೆತ್ತಗಿತ್ತು. ಆದರೂ ಹೊರಟೆವು. ಆರೂವರೆಯ ಹೊತ್ತಿಗೆ ಮೋಡ ಸರಿದು, ಪೂರ್ವಕ್ಕೆ ಮುಖ ಮಾಡಿದ್ದ ಆ ಇಳಿಜಾರಿನ ಮೇಲೆ ಬಿಸಿಲು ಬಿದ್ದು, ಮೇಲಿನಿಂದ ನಿಂಬೆಹಣ್ಣಿನ ಗಾತ್ರದ ಹಿಮದುಂಡೆಗಳು ಒಂದೊಂದಾಗಿ ಉರುಳತೊಡಗಿದವು. ಒದ್ದೆ ಹಿಮಕುಸಿತಕ್ಕೆ ಅದೊಂದು ಮುನ್ಸೂಚನೆ. ಹಿಮಕುಸಿತಗಳು ಹೆಚ್ಚಾಗಿ ಸಂಭವಿಸುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ, ನಮ್ಮೆದುರಿನದು 35ರಷ್ಟಿತ್ತು. ಗೆಳೆಯ ಇನ್ನೂ ಅರ್ಧ ಗಂಟೆ ನೋಡೋಣ ಎಂದ. ಆ ಅರ್ಧ ಗಂಟೆಯಲ್ಲಿ ಬಿಸಿಲು ಹೆಚ್ಚುವುದಲ್ಲದೆ ಕಡಿಮೆಯಾಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಇಬ್ಬರೂ ಮಾತಿಲ್ಲದೆ ಇಳಿದೆವು.

ಹಿಮ ಗಟ್ಟಿಯಾಗಿದ್ದರೆ ಎಲ್ಲ ಸಲೀಸು ಎಂದೂ ತಿಳಿಯಬೇಡಿ. ಆಗ ಜಾರಿದರೆ ತಡೆಯುವುದೇ ಕಷ್ಟ. ಕ್ರಾಂಪಾನ್ (ಬೂಟಿನ ಅಡಿಗೆ ಕಟ್ಟಿಕೊಳ್ಳುವ ಲೋಹದ ಮುಳ್ಳುಗಳು) ಮತ್ತು ಹಿಮಗೊಡಲಿ ಚೀಲದಲ್ಲಿದ್ದರೆ ಸಾಲದು. ಜಾರುವಾಗ ಮೈಭಾರವನ್ನೆಲ್ಲ ಕೊಡಲಿಯ ಮೇಲೆ ಹಾಕಿ ನಿಲ್ಲುವುದನ್ನು, ಕೆಳಗೆ ಬಂಡೆಗಳಿಲ್ಲದ ಸೌಮ್ಯ ಇಳಿಜಾರಿನಲ್ಲಿ, ಬಲ್ಲವರ ಮುಂದೆ, ಮೊದಲೇ ಹತ್ತಾರು ಸಲ ಅಭ್ಯಾಸ ಮಾಡಿರಬೇಕು.

ಇಂಧನದ ಲೆಕ್ಕವೂ ನಮಗೆ ತಪ್ಪಿತ್ತು. ಒಂದು ಕಿಲೋಗ್ರಾಂ ಹಿಮವನ್ನು ಬರೀ ಕರಗಿಸಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಆ ನೀರನ್ನು ಕುದಿಯುವವರೆಗೆ ಕಾಯಿಸಲು ಇನ್ನೂ ಸುಮಾರು 420. ಅಂದರೆ ಹರಿಯುವ ನೀರು ಸಿಗದ ಕಡೆ ಗ್ಯಾಸ್ ಹತ್ತಿರ ಹತ್ತಿರ ಎರಡು ಪಟ್ಟು ಖರ್ಚಾಗುತ್ತದೆ. ಬ್ಯೂಟೇನ್ ಮಾತ್ರ ತುಂಬಿದ ಸಿಲಿಂಡರ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕೈಕೊಡುತ್ತದೆ. ಪ್ರೊಪೇನ್ ಬೆರೆಸಿದ್ದನ್ನು ಕೊಂಡು, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ನೀರಿನ ಫಿಲ್ಟರ್ ಕೂಡ ಅಲ್ಲೇ ಇರಲಿ, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರ್‌ನ ಎಳೆಗಳು ಸೀಳಿದ್ದು ಹೊರಗೆ ಕಾಣುವುದಿಲ್ಲ. ಕಪ್ಪು ಕನ್ನಡಕ ಎರಡು ಜೊತೆ ಬೇಕು. ಬಿಸಿಲಿನ ಲೇಪನವನ್ನು ಗದ್ದದ ಕೆಳಗೂ ಮೂಗಿನ ಹೊಳ್ಳೆಗಳ ಅಂಚಿಗೂ ಹಚ್ಚಿಕೊಳ್ಳಿ. ಹಿಮದಿಂದ ಪ್ರತಿಫಲಿಸಿದ ಬಿಸಿಲು ಕೆಳಗಿನಿಂದಲೂ ಸುಡುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ನಡೆದ ನನ್ನ ಗೆಳೆಯನಿಗೆ ಅಂಗುಳವೇ ಸುಟ್ಟು, ಎರಡು ದಿನ ಊಟ ಸೇರಲಿಲ್ಲ.

ದಿನಾಂಕವನ್ನು ಮೂರು ವಾರ ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ. ಸಾಧ್ಯವಿಲ್ಲದಿದ್ದರೆ, ಪಾಸ್‌ನ ಬುಡದವರೆಗೆ ಹೋಗಿ ಅದೇ ದಾರಿಯಲ್ಲಿ ಮರಳುವುದನ್ನೇ ಮೂಲ ಯೋಜನೆಯಾಗಿಟ್ಟುಕೊಂಡು, ಎರಡು ದಿನದ ಹೆಚ್ಚುವರಿ ಆಹಾರ ಒಯ್ಯಿರಿ. ರಾತ್ರಿ ನಕ್ಷತ್ರಗಳು ಕಂಡು, ಬೆಳಿಗ್ಗೆ ಹಿಮ ಬೂಟಿನ ಹಿಮ್ಮಡಿಗೆ ಜಗ್ಗದಿದ್ದರೆ ಮಾತ್ರ ಮೇಲೆ ಹೋಗಿ. ಪಾಸ್‌ನ ಏರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನೀವು ಬರೆದಿಲ್ಲ. ಪೂರ್ವಕ್ಕಾದರೆ ಸೂರ್ಯ ಹುಟ್ಟಿದ ಒಂದೆರಡು ಗಂಟೆಯೊಳಗೆ ನೀವು ಅದರ ನೆತ್ತಿಯ ಮೇಲಿರಬೇಕಾಗುತ್ತದೆ. ಆ ದಿಕ್ಕನ್ನು ತಿಳಿಸಿದರೆ, ಡೇರೆಯಿಂದ ಎಷ್ಟು ಗಂಟೆಗೆ ಹೊರಡಬೇಕೆಂಬುದನ್ನು ಇನ್ನಷ್ಟು ನಿಖರವಾಗಿ ಹೇಳಬಲ್ಲೆ.