ಕಿರುಚಿತ್ರದ ಅವಲೋಕನ ದೂರಿನ ಪಟ್ಟಿಯಾಗುತ್ತಿದ್ದರೆ

ಅಂಕಕ್ಕಾಗಿ ಐವರು ಸೇರಿ ಮಾಡಿದ ಕಿರುಚಿತ್ರದ ಅವಲೋಕನ, ಅಂದರೆ ಕೆಲಸ ಹೇಗೆ ನಡೆಯಿತೆಂದು ಹಿಂತಿರುಗಿ ನೋಡುವ ವರದಿ, ‘ಯಾರು ಏನು ಮಾಡಲಿಲ್ಲ’ ಎಂಬ ಪಟ್ಟಿಯಾಗುತ್ತಿದೆ ಎಂದಿದ್ದೀರಿ. ಚಿತ್ರೀಕರಣದ ದಿನಗಳ ಕ್ರಮದಲ್ಲಿ, ನೆನಪಿನಿಂದ ಬರೆಯುತ್ತಿರುವುದೇ ಬಹುಶಃ ಇದಕ್ಕೆ ಕಾರಣ. ನೆನಪು ಮೊದಲು ಎತ್ತಿಕೊಡುವುದು ಜಗಳವನ್ನೇ.

ಚಿತ್ರಕಥೆಯನ್ನೂ ಅಂತಿಮ ಸಂಕಲನವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಎರಡೂ ಬೇರೆಯಾದ ಕಡೆಗಳನ್ನು ಗುರುತಿಸಿ. ಮೂರನ್ನು ಮಾತ್ರ ಆರಿಸಿ. ಆ ನಿರ್ಧಾರ ಯಾವಾಗ ಆಯಿತು, ತೆರೆಯ ಮೇಲೆ ಅದರಿಂದ ಏನಾಯಿತು ಎಂದು ಬರೆಯಿರಿ.

ನಿಮ್ಮ ಚಿತ್ರದಲ್ಲಿ ಇಬ್ಬರ ಸಂಭಾಷಣೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಎದುರುಬದುರು ಕುಳಿತವರು ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತಿದ್ದರೆ, ಕ್ಯಾಮೆರಾ ಅವರಿಬ್ಬರ ನಡುವಿನ ಕಾಲ್ಪನಿಕ ರೇಖೆಯನ್ನು ದಾಟಿದೆ, ಅಂದರೆ ಕ್ಯಾಮೆರಾ ಆ ರೇಖೆಯ ಒಂದೇ ಬದಿಯಲ್ಲಿರಬೇಕೆಂಬ 180 ಡಿಗ್ರಿ ನಿಯಮ ಮುರಿದಿದೆ. ‘ಛಾಯಾಗ್ರಾಹಕ ಗಮನಿಸಲಿಲ್ಲ’ ಎಂದು ಬರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಶಾಟ್ ಪಟ್ಟಿಯಲ್ಲಿ ಕ್ಯಾಮೆರಾದ ಸ್ಥಾನ ಬರೆದಿರಲಿಲ್ಲ, ನಿರಂತರತೆ (ಒಂದು ಶಾಟ್ ಮುಂದಿನದಕ್ಕೆ ಹೊಂದುತ್ತದೆಯೇ ಎಂಬುದು) ನೋಡುವ ಹೊಣೆಯನ್ನು ಯಾರಿಗೂ ಕೊಟ್ಟಿರಲಿಲ್ಲ’ ಎಂದರೆ ಅದು ಅವಲೋಕನ. ಕತ್ತರಿಸಿದಲ್ಲೆಲ್ಲ ಹಿನ್ನೆಲೆಯ ಸದ್ದು ಜಿಗಿಯುವುದೂ ಹೀಗೆಯೇ: ಆ ಕಡೆಗಳಲ್ಲಿ ತುಂಬಲು ಆ ಸ್ಥಳದ ಮೌನವನ್ನು, ಅಂದರೆ ಯಾರೂ ಮಾತಾಡದಾಗ ಅಲ್ಲಿ ಕೇಳುವ ಸದ್ದನ್ನು, 30 ಸೆಕೆಂಡಾದರೂ ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಳ್ಳಬೇಕಿತ್ತು. ನಮ್ಮ ತಂಡ ಇದನ್ನು ಮರೆತು, ಧ್ವನಿ ನೋಡಿಕೊಂಡ ಗೆಳತಿಯೊಬ್ಬಳನ್ನೇ ದೂರಿತ್ತು. ಅದು ಅನ್ಯಾಯ, ಇಂದಿಗೂ ನೋಯುತ್ತದೆ.

ನಂತರ ಆ ಮೂರು ಸಂಗತಿಗಳ ಬಗ್ಗೆ ಐವರೂ ಚರ್ಚಿಸದೆ ಐದೈದು ಸಾಲು ಬರೆಯಿರಿ. ಪರಸ್ಪರ ಹೊಂದದ ಸಾಲುಗಳನ್ನು ತಿದ್ದದೆ ವರದಿಯಲ್ಲಿ ಹಾಗೆಯೇ ಇಡಿ.

ಅಂಕ ಗುಂಪಿಗೋ ವ್ಯಕ್ತಿಗೋ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗಲಿಲ್ಲ. ವ್ಯಕ್ತಿಗಾದರೆ, ನೀವೇ ತೆಗೆದುಕೊಂಡ ಒಂದು ತಪ್ಪು ನಿರ್ಧಾರದಿಂದ ಆರಂಭಿಸಿ.