ಟಿವಿ, ಪೇಪರ್ ಎಲ್ಲಾ ಮಾರಿಕೊಂಡಿವೆ ಅಂತ ನಿಮಗೂ ಅನಿಸುತ್ತದಾ?

ಕಲಬುರಗಿಯಲ್ಲಿ ಕೂತು ರಾಜಕೀಯದ ಬಗ್ಗೆ ಬ್ಲಾಗ್ ಬರೆಯುತ್ತೀರಲ್ಲ, ನೀವೇ ಹೇಳಿ ಅಂತ ಕೇಳಿದ್ದೀರಿ. ಮಾರಿಕೊಂಡವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲದಕ್ಕೂ ಅದೊಂದೇ ಉತ್ತರ ಕೊಟ್ಟರೆ ತಲೆ ಓಡಿಸುವ ಕೆಲಸವೇ ಇರುವುದಿಲ್ಲ. ನನ್ನ ತಕರಾರು ಬೇರೆ. ಸುದ್ದಿಯಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ, ಆದರೂ ನಮ್ಮೂರಿಗೆ ಬರುವಷ್ಟರಲ್ಲಿ ಅದು ಉಲ್ಟಾ ಆಗಿರುತ್ತದೆ.

ನಾನು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. 2025ರ ಜನವರಿ, ತೊಗರಿ ಸುಗ್ಗಿ. ಗಂಜ್ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಒಂದು ಅಡತಿ ಅಂಗಡಿಗೆ ಬಿಲ್ ಚುಕ್ತಾ ಮಾಡಲು ಹೋಗಿದ್ದೆ. ವಿದೇಶದಿಂದ ಸುಂಕವಿಲ್ಲದೆ ತೊಗರಿ ತರಿಸಿಕೊಳ್ಳುವ ಅವಕಾಶವನ್ನು ಕೇಂದ್ರ ಸರ್ಕಾರ 2026ರ ಮಾರ್ಚ್‌ವರೆಗೆ ಮುಂದುವರಿಸಿತ್ತು. ಗೋಡೆ ಮೇಲಿನ ಟಿವಿಯಲ್ಲಿ ಅದೇ ಓಡುತ್ತಿತ್ತು. ಕೆಳಗೆ ‘ಗೃಹಿಣಿಯರಿಗೆ ಸಿಹಿ ಸುದ್ದಿ’ ಅಂತ ಪಟ್ಟಿ, ಹಿಂದೆ ಕುಕ್ಕರ್ ಸೀಟಿ ಹೊಡೆಯುವ ಸದ್ದು ಬೇರೆ. ಅಫಜಲಪುರ ಕಡೆಯ ರೈತರೊಬ್ಬರು ಟವೆಲ್ ತುದಿಯಲ್ಲಿ ಸ್ಯಾಂಪಲ್ ತೊಗರಿ ಕಟ್ಟಿಕೊಂಡು ಬಂದಿದ್ದರು. ಅಡತಿಯವರು ಒಂದು ಹಿಡಿ ಅಂಗೈಗೆ ಸುರುವಿಕೊಂಡರು. ಒಂದು ಕಾಳು ಕಚ್ಚಿ ಹಸಿ ಇದೆಯಾ ನೋಡಿದರು. ಆಮೇಲೆ ದರ ಹೇಳಿದರು. ರೈತರು ಟಿವಿ ಕಡೆ ತಿರುಗಿ, ‘ಸಿಹಿ ಯಾರಿಗ್ರೀ ಸಾವ್ಕಾರ್ರೆ?’ ಅಂದರು. ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು, ಯಾರೂ ಬಾಯಿ ಬಿಡಲಿಲ್ಲ.

ಹಿಂದಿನ ವರ್ಷ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದ ತೊಗರಿ ಆ ಸುಗ್ಗಿಯಲ್ಲಿ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ನಿಂದ ಹಡಗು ತುಂಬಾ ಮಾಲು ಬರುತ್ತಿದ್ದರೆ ಇನ್ನೇನಾಗುತ್ತದೆ? ಬೇಳೆ ತುಟ್ಟಿಯಾದರೆ ಪಟ್ಟಣದವರಿಗೆ ಸಿಟ್ಟು, ಅಗ್ಗವಾದರೆ ಹೊಲದವರಿಗೆ ಸಿಟ್ಟು. ಯಾರ ಸಿಟ್ಟನ್ನು ತಡೆದುಕೊಳ್ಳಬಹುದು ಅಂತ ಸರ್ಕಾರ ಲೆಕ್ಕ ಹಾಕುತ್ತದೆ. ಯಾವ ಪಕ್ಷ ಬಂದರೂ ಹಾಕುತ್ತದೆ. ಪಕ್ಕಾ ರಾಜಕೀಯ ಅಂದರೆ ಇದೇ ಅಲ್ವಾ? ಟಿವಿಯವರಿಗೆ ಮಾತ್ರ ಇದು ಅಡುಗೆಮನೆ ಸುದ್ದಿ. ಅವರ ರಾಜಕೀಯ ಏನಿದ್ದರೂ ಯಾರು ಯಾರಿಗೆ ಏನು ಬೈದರು ಅನ್ನೋದು.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತು. ಮಹಾರಾಷ್ಟ್ರದ ಉಜನಿ ಡ್ಯಾಂನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿತು. ಅವೇ ದಿನಗಳಲ್ಲಿ ರಾಷ್ಟ್ರೀಯ ಚಾನೆಲ್‌ಗಳು ಟಿಆರ್‌ಪಿ ಕಳ್ಳಾಟದ ಜಗಳದಲ್ಲಿ ಮುಳುಗಿದ್ದವು. ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆ ನ್ಯೂಸ್ ಚಾನೆಲ್‌ಗಳ ಲೆಕ್ಕ ಕೊಡುವುದನ್ನೇ ಆ ತಿಂಗಳು ನಿಲ್ಲಿಸಿತು. ಮತ್ತೆ ಶುರು ಮಾಡಿದ್ದು 2022ರ ಮಾರ್ಚ್‌ನಲ್ಲಿ. ಟಿಆರ್‌ಪಿಗೋಸ್ಕರ ಕಿರುಚಾಡುತ್ತಾರೆ ಅಂತೀವಲ್ಲ, ಆ ಲೆಕ್ಕ ಬಂದ್ ಆಗಿದ್ದ ಹದಿನೇಳು ತಿಂಗಳು ಕಿರುಚಾಟ ಕಡಿಮೆ ಆಯ್ತಾ? ನಮ್ಮ ಮನೆ ಟಿವಿಯಲ್ಲಂತೂ ಆಗಲಿಲ್ಲ. ಅವರಿಗೆ ಚಟ ಹತ್ತಿದೆ, ನೋಡುವ ನಮಗೂ.

(ತಮಾಷೆ ಅಂದರೆ, ಬೆಂಗಳೂರಿಗಿಂತ ಮೊದಲು ಟಿವಿ ನೋಡಿದವರು ನಮ್ಮ ಕಡೆಯ ಹಳ್ಳಿಯವರು. 1975ರಲ್ಲಿ ಸೈಟ್ ಅನ್ನೋ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು ಆರಿಸಿದ್ದರು. ಊರಿಗೊಂದು ಟಿವಿ, ಕೋಳಿ ಜಾಲರಿಯ ದೊಡ್ಡ ಆಂಟೆನಾ. ಬೆಳೆ, ದನಕರು, ಆರೋಗ್ಯದ ಮಾತು ಬರುತ್ತಿತ್ತಂತೆ. ಆದರೆ ಅದು ತುರ್ತು ಪರಿಸ್ಥಿತಿಯ ಕಾಲ, ಟಿವಿ ಸರ್ಕಾರದ್ದು. ಹಾಗಾಗಿ ಹಳೇ ಕಾಲ ಚಲೋ ಇತ್ತು ಅಂತ ಹೊಗಳಲು ಹೋಗುವುದಿಲ್ಲ.)

ಪೇಪರ್‌ಗಳ ಕಥೆ ಬೇರೆ. ನಮ್ಮ ಸುದ್ದಿ ಅಲ್ಲಿ ಬೇಕಾದಷ್ಟು ಬರುತ್ತದೆ. ಚಿಂಚೋಳಿಯ ರಸ್ತೆ, ಮೇಷ್ಟ್ರಿಲ್ಲದ ಶಾಲೆ, ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಹುದ್ದೆಗಳ ತಕರಾರು, ಎಲ್ಲಾ ಇರುತ್ತದೆ. ಆದರೆ ಇರುವುದು ಕಲಬುರಗಿ ಆವೃತ್ತಿಯ ಜಿಲ್ಲಾ ಪುಟದಲ್ಲಿ. ಬೆಂಗಳೂರಲ್ಲಿ ಅದೇ ಪೇಪರ್ ಬಿಡಿಸಿದರೆ ಆ ಪುಟವೇ ಇರುವುದಿಲ್ಲ. ನಮ್ಮ ಕಷ್ಟವನ್ನು ಅಚ್ಚುಕಟ್ಟಾಗಿ ಅಚ್ಚು ಹಾಕಿ ನಮಗೇ ಓದಿಸುತ್ತಾರೆ.

ಮತ್ತೆ ಅದನ್ನು ಬರೆಯುವವನ ಪಾಡು ನೋಡಿ. ನನ್ನ ಗೆಳೆಯನೊಬ್ಬ ತಾಲ್ಲೂಕಿನಲ್ಲಿ ಅರೆಕಾಲಿಕ ವರದಿಗಾರ. ಸುದ್ದಿಗೆ ಸಿಗುವ ದುಡ್ಡು ಬೈಕಿನ ಪೆಟ್ರೋಲಿಗೂ ಸಾಲುವುದಿಲ್ಲ. ನಾಲ್ಕು ಕಾಸು ಕಾಣುವುದು ಜಾಹೀರಾತಿನ ಕಮಿಷನ್‌ನಲ್ಲಿ. ನಾಯಕರ ಹುಟ್ಟುಹಬ್ಬ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ದೀಪಾವಳಿ, ಇವೆಲ್ಲಾ ಅವನಿಗೆ ಸುಗ್ಗಿ. ಸೋಮವಾರ ಒಬ್ಬ ಗುತ್ತಿಗೆದಾರನ ಕಳಪೆ ಕೆಲಸದ ಬಗ್ಗೆ ಬರೆದರೆ ಗುರುವಾರ ಅದೇ ಬಾಗಿಲಿಗೆ ಅರ್ಧ ಪುಟ ಜಾಹೀರಾತು ಕೇಳಲು ಹೋಗಬೇಕು. ಬರೆಯುತ್ತಾನಾ? ಒಮ್ಮೊಮ್ಮೆ ಬರೆಯುತ್ತಾನೆ, ಅದೇ ದೊಡ್ಡದು.

ಹಾಗಾದರೆ ನಂಬೋದು ಯಾವುದನ್ನ? ಆದೇಶ, ದರ, ದಿನಾಂಕ, ಮತ ಎಣಿಕೆ, ಇಷ್ಟನ್ನು ನಂಬುತ್ತೇನೆ. ‘ಮೂಲಗಳು ತಿಳಿಸಿವೆ’ ಅಂತಿದ್ದರೆ ಸುಮ್ನೆ ಪುಟ ತಿರುವುತ್ತೇನೆ. ಸಂಪುಟ ವಿಸ್ತರಣೆ ಮುಂದಿನ ವಾರ ಅಂತ ಮೂಲಗಳು ಎಷ್ಟು ವಾರ ಹೇಳಿಲ್ಲ! ಚುನಾವಣೆ ಬಂದಾಗ ಆಯೋಗದ ವೆಬ್‌ಸೈಟ್‌ನಲ್ಲಿ ಅಭ್ಯರ್ಥಿಗಳ ಅಫಿಡವಿಟ್ ತೆಗೆದು ಓದುತ್ತೇನೆ. ಆಸ್ತಿ, ಸಾಲ, ಕೇಸು ಎಲ್ಲಾ ಅವರೇ ಸಹಿ ಹಾಕಿ ಕೊಟ್ಟಿರುತ್ತಾರೆ. ಚರ್ಚೆ ನೋಡುವುದಕ್ಕಿಂತ ಬೇಗ ಮುಗಿಯುತ್ತದೆ.

ಈ ಜಾಹೀರಾತಿನ ವಿಷಯ ಹಿಡಿದು ಗೆಳೆಯನನ್ನು ಒಮ್ಮೆ ಚುಚ್ಚಿದ್ದೆ. ಚಾ ಲೋಟ ಕೆಳಗಿಟ್ಟು ಅಂದ: ‘ನೀ ಬರಿಯಪ್ಪಾ, ನಿನ್ನ ಪಗಾರ ಮಿಲ್ಲಿಂದ ಬರ್ತದ.’ ಮನೆಗೆ ಬಂದು ಬ್ಲಾಗಿನ ಹಳೇ ಬರಹ ತಿರುವಿ ನೋಡಿದೆ. ತೊಗರಿ ಬಗ್ಗೆ ಬೇಕಾದಷ್ಟು ಬರೆದಿದ್ದೇನೆ, ಕೇಂದ್ರವನ್ನೂ ಬೈದಿದ್ದೇನೆ, ರಾಜ್ಯವನ್ನೂ ಬೈದಿದ್ದೇನೆ. ತೊಗರಿ ಅಗ್ಗವಾದರೆ ಮಿಲ್‌ನವರಿಗೆ ಎಷ್ಟು ಅನುಕೂಲ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ.