ಗುಡ್ಡದ ನೀಲಿ ಮಬ್ಬು ಯಾರದು? – ಸಂಪಾದಕರ ಉತ್ತರ

ಮಾನ್ಯರೇ,

ತೀರ್ಥಹಳ್ಳಿ ಸೀಮೆಯಿಂದ ತಾವು ಬರೆದ ಪತ್ರ ಕೈಸೇರಿದೆ. ಕಾರ್ಖಾನೆಯ ಚಿಮಣಿಯಾಗಲಿ ಲಾರಿಗಳ ಓಡಾಟವಾಗಲಿ ಇಲ್ಲದ ತಮ್ಮ ಊರಿನಲ್ಲಿ, ಚಳಿಗಾಲದ ಇಬ್ಬನಿ ಆರಿದ ಮೇಲೂ ಗುಡ್ಡಗಳನ್ನು ನೀಲಿ ಮಬ್ಬು ಮುಸುಕಿರುವುದೇಕೆ, ಅದು ಕಾಡಿನದೋ ಮನುಷ್ಯರದೋ, ಒಂದು ಮಳೆ ಬಿದ್ದ ಮರುದಿನ ಕುಂದಾದ್ರಿ ಅಷ್ಟು ನಿಚ್ಚಳವಾಗಿ ಕಾಣುವುದು ಹೇಗೆ ಎಂದು ಕೇಳಿದ್ದೀರಿ.

ಗಾಳಿಯಲ್ಲಿ ತೇಲುವ ಅತಿ ಸಣ್ಣ ಘನ ಅಥವಾ ದ್ರವ ಕಣಗಳನ್ನು ಏರೋಸಾಲ್ ಎನ್ನುತ್ತಾರೆ. ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಕುಣಿಯುವ ದೂಳು ಇವುಗಳಲ್ಲಿ ದೊಡ್ಡ ಗಾತ್ರದ್ದು. ಶ್ವಾಸಕೋಶದ ಆಳಕ್ಕೆ ಇಳಿಯುವಂಥವು 2.5 ಮೈಕ್ರೊಮೀಟರಿಗಿಂತ (ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಚಿಕ್ಕವು. ಬರಿಗಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ.

ತೂಕದಲ್ಲಿ ಅಳೆದರೆ ಪ್ರಕೃತಿಯ ಪಾಲೇ ಬಹಳ ದೊಡ್ಡದು. ಕಡಲಿನ ನೊರೆಗುಳ್ಳೆ ಒಡೆದಾಗ ಸಿಡಿಯುವ ಉಪ್ಪು, ಅರೇಬಿಯದ ಮರುಭೂಮಿಯಿಂದ ಸಮುದ್ರ ದಾಟಿ ಬರುವ ದೂಳು, ಒದ್ದೆ ಕಾಡಿನ ಬೂಷ್ಟು-ಅಣಬೆಗಳ ಬೀಜಕಣ, ಹೂವಿನ ಪರಾಗ ಇವೆಲ್ಲ ಮನುಷ್ಯ ಒಲೆ ಹೂಡುವ ಮೊದಲೂ ಗಾಳಿಯಲ್ಲಿದ್ದವು. ಮರಗಳ ಎಲೆಯಿಂದ ಹೊರಡುವ ಪರಿಮಳದ ಆವಿಗಳು ಬಿಸಿಲಿನಲ್ಲಿ ಓಝೋನಿನಂಥ ಅನಿಲಗಳೊಡನೆ ಸೇರಿ ಹೊಸ ಕಣಗಳಾಗುತ್ತವೆ. ಇವನ್ನು ಕೊಳೆಯೆಂದು ಬಗೆಯಬಾರದು. ಕಣದ ಆಸರೆಯಿಲ್ಲದೆ ನೀರಾವಿ ಹನಿಗಟ್ಟಬೇಕಾದರೆ ಗಾಳಿಯ ತೇವ ಶೇಕಡಾ 100ನ್ನು ದಾಟಿ ಹಲವು ಪಟ್ಟು ಏರಬೇಕು, ಅದು ಬಯಲಿನಲ್ಲಿ ಆಗುವ ಮಾತಲ್ಲ; ಆಗುಂಬೆಯ ಒಂದೊಂದು ಮಳೆಹನಿಯೂ ಇಂಥದೊಂದು ಕಣವನ್ನು ಹಿಡಿದುಕೊಂಡೇ ಬೆಳೆದದ್ದು.

ಆದರೆ ತಾವು ಕಾಣುವ ಮಬ್ಬಿನಲ್ಲಿ ನಮ್ಮ ಕೈವಾಡ ಸಣ್ಣದಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿದ ಕಾಯಿ ಬೇಯಿಸುವ ಒಲೆ ಮುಂಜಾನೆಯಿಂದ ಉರಿಯುತ್ತದೆ, ಬಚ್ಚಲ ಹಂಡೆಯ ಒಲೆ ಆರುವುದೇ ಇಲ್ಲ, ತೋಟದ ತರಗೆಲೆಗೂ ಹುಲ್ಲಿನ ಬೇಣಕ್ಕೂ ಬೆಂಕಿ ಬೀಳುತ್ತದೆ. ನಾಳೆ ಬೆಳಿಗ್ಗೆ ಒಲೆಯ ಹೊಗೆಯನ್ನು ದಯವಿಟ್ಟು ಗಮನಿಸಿ: ಅದು ಅಡಿಕೆಮರದ ತಲೆಯವರೆಗೆ ನೆಟ್ಟಗೆ ಏರಿ, ಅಲ್ಲಿ ತಡೆದಂತೆ ನಿಂತು, ಚಾಪೆಯಂತೆ ಅಡ್ಡ ಹರಡುತ್ತದೆ. ಕಣಿವೆಯಲ್ಲಿ ರಾತ್ರಿ ತಂಗಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿರುತ್ತದೆ. ಹಸಿ ಸೌದೆಯ ಹೊಗೆ ಕಪ್ಪು ತೋಟದ ಹಿನ್ನೆಲೆಯಲ್ಲಿ ನೀಲಿಯಾಗಿ ಕಾಣುವುದು ಅದರ ಕಣಗಳು ಬೆಳಕಿನ ಅಲೆಗಿಂತ ಚಿಕ್ಕವಾಗಿ ನೀಲಿಯನ್ನೇ ಹೆಚ್ಚು ಚದುರಿಸುವುದರಿಂದ. ಇಬ್ಬನಿಯ ಹನಿಗಳು ಅದಕ್ಕಿಂತ ಎಷ್ಟೋ ದೊಡ್ಡವು, ಆದ್ದರಿಂದ ಅವು ಬೆಳ್ಳಗೆ. ಎಲೆಯ ಆವಿಯಿಂದಾದ ಕಣಗಳೂ ಅಷ್ಟೇ ಚಿಕ್ಕವಾದ್ದರಿಂದ, ಕಾಡಿನ ನೀಲಿಯನ್ನೂ ಒಲೆಯ ನೀಲಿಯನ್ನೂ ಬಣ್ಣ ನೋಡಿ ಬೇರ್ಪಡಿಸಲಾಗದು. ದೂರದ ಡೀಸೆಲ್ ಮತ್ತು ಕಲ್ಲಿದ್ದಲಿನ ಹೊಗೆಯೂ ಇದರೊಡನೆ ಬೆರೆಯುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಗುಡ್ಡದ ಮೇಲಿನ ಮಬ್ಬಲ್ಲ, ಒಲೆಯ ಬಾಯಲ್ಲಿ ಕುಳಿತು ಸೌದೆ ಮುಂದೂಡುವವರ ಉಸಿರು. 2.5 ಮೈಕ್ರೊಮೀಟರಿಗಿಂತ ಚಿಕ್ಕ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಹೊಗೆಗೂಡು ಇಲ್ಲದ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಈ ಎರಡೂ ಅಂಕಿಗಳು ಎಲ್ಲೋ ಕೆಳಗೆ ಉಳಿದುಬಿಡುತ್ತವೆ. ಅಟ್ಟದ ತೊಲೆಗೆ ಅಂಟಿದ ಮಸಿಯನ್ನು ಬೆರಳಲ್ಲಿ ಒರೆಸಿ ನೋಡಿದರೆ ತಿಳಿದೀತು.

ಇನ್ನು ಕುಂದಾದ್ರಿಯ ಮಾತು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಗಂಧಕದ ಅನಿಲವನ್ನು ಮಳೆಮೋಡಗಳಿಗೂ ಮೇಲಕ್ಕೆ ಎಸೆಯಿತು. ತೊಳೆಯುವ ಮಳೆ ಅಲ್ಲಿಲ್ಲದ ಕಾರಣ ಅದರ ಕಣಗಳು ಒಂದೆರಡು ವರ್ಷ ಉಳಿದು ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪಾಗಿಸಿದವು. ನಮ್ಮ ಒಲೆಯ ಹೊಗೆ ಕೆಳಗೇ ಇರುವುದರಿಂದ ಮಳೆ ಅದನ್ನು ಹೊತ್ತು ನೆಲಕ್ಕಿಳಿಸುತ್ತದೆ. ಹಾಗಾಗಿಯೇ ಮರುದಿನ ಕುಂದಾದ್ರಿಯ ಬಂಡೆಯ ಅಂಚು ತಮಗೆ ಸ್ಪಷ್ಟವಾಗಿ ಕಂಡದ್ದು. ಮಳೆಯಿಲ್ಲದ ಜನವರಿಯಲ್ಲಿ ಮಾತ್ರ ಹಳೆಯ ಹೊಗೆ ಕರಗುವ ಮೊದಲೇ ಹೊಸ ಒಲೆಗಳು ಹೊತ್ತಿಕೊಂಡಿರುತ್ತವೆ.

– ಸಂಪಾದಕ